ಬೊಮ್ಮನನ್ನು ಯಾವ ಖಾನೆಯಲ್ಲಿ ಹುಡುಕೋದು?

"ಎಲ್ಲಾ ಸ್ಕ್ಯಾನ್ ಮಾಡಿ ಆನ್‌ಲೈನ್ ಹಾಕಿದ್ದೇವೆ, ಇನ್ನು ಇದು ಸಾರ್ವಜನಿಕರ ಆಸ್ತಿ" ಅಂತ ಯಾವುದಾದರೂ ಗ್ರಂಥಾಲಯ ಹೇಳಿಕೊಂಡರೆ ನನಗೆ ಖುಷಿಯ ಜೊತೆಗೆ ಸಣ್ಣ ಅನುಮಾನವೂ ಆಗುತ್ತದೆ. ಹತ್ತು ಹನ್ನೆರಡು ವರ್ಷದಿಂದ ಸರ್ಚ್ ಮತ್ತು ಡೇಟಾಬೇಸುಗಳ ನಡುವೆ ಹೊಟ್ಟೆ ಹೊರೆಯುತ್ತಿರುವವನಿಗೆ ಇಷ್ಟಂತೂ ಗೊತ್ತು: ಡೇಟಾ ಇರುವುದು ಬೇರೆ, ಬೇಕಾದವನ ಕೈಗೆ ಅದು ಸಿಗುವುದು ಬೇರೆ. ನಿಮ್ಮ ಆಫೀಸಿನ ಶೇರ್ಡ್ ಡ್ರೈವನ್ನೇ ನೋಡಿ. ಎಲ್ಲವೂ ಅಲ್ಲೇ ಇದೆ, ಎಲ್ಲರಿಗೂ ಪರ್ಮಿಶನ್ ಇದೆ. ಆದರೆ ಆ ಫೈಲಿಗೆ ಏನಂತ ಹೆಸರಿಟ್ಟಿದ್ದಾರೆ ಅನ್ನೋದು ಗೊತ್ತಿರುವವರು ಒಬ್ಬಿಬ್ಬರೇ.

ಈ ಮಾತನ್ನು ಪರೀಕ್ಷೆ ಮಾಡಿ ನೋಡಲು ಕೈರೋದ ಗೆನಿಜಾದಷ್ಟು ಒಳ್ಳೆಯ ಜಾಗ ನನಗೆ ಇನ್ನೊಂದು ಕಂಡಿಲ್ಲ. ಒಂದು ಊರಿನ ಯಹೂದಿ ಸಮುದಾಯದ ಸಾವಿರ ವರ್ಷದ ಕಾಗದಪತ್ರ ಅದು. ಇವತ್ತು ಅದರ ಬಹುಪಾಲನ್ನು ನೀವು ಫೋನಿನಲ್ಲೇ ನೋಡಬಹುದು. ಸ್ಥಳೀಯ ಸಮುದಾಯವೊಂದರ ಚರಿತ್ರೆಯನ್ನು ಸಾರ್ವಜನಿಕ ದಾಖಲೆಸಂಗ್ರಹವಾಗಿ ಕಾಪಾಡುವುದು ಹೇಗೆ ಅಂತ ಕೇಳಿದರೆ ಎಲ್ಲರೂ ಬೆರಳು ತೋರಿಸೋದು ಇದರ ಕಡೆಗೇ. ಆ ಮೆಚ್ಚುಗೆ ಸುಮ್ಮನೆ ಬಂದದ್ದಲ್ಲ, ನಾನೂ ಅದನ್ನು ಮೆಚ್ಚುವವನೇ. ಆದರೆ ಆ ಕಾಗದಗಳಲ್ಲಿ ನಮ್ಮ ಮಂಗಳೂರೂ ಇದೆ. ಮಂಗಳೂರಿನ ಕಡೆಯಿಂದ ನಿಂತು ನೋಡಿದಾಗ ಈ ಸಂಗ್ರಹದ ಸೊಗಸು ಮತ್ತು ಕೊರತೆ ಎರಡೂ ಬೇರೆ ಥರ ಕಾಣಿಸುತ್ತವೆ. ಅದಕ್ಕೇ ಈ ಬರಹ.

ಗೆನಿಜಾ ಅಂದರೇನು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಕಾಗದಕ್ಕೆ ಕಾಲು ತಾಗಿದರೆ ತಟ್ಟನೆ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಹಳೇ ದೇವರ ಪಟವನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬಾರದೆ ಅಶ್ವತ್ಥಕಟ್ಟೆಯ ಮೇಲೆ ಇಟ್ಟು ಬರುತ್ತೇವಲ್ಲ, ಯಹೂದಿಗಳಲ್ಲೂ ಅಂಥದ್ದೇ ಒಂದು ಭಾವನೆ. ದೇವರ ಹೆಸರು ಬರೆದಿರುವ ಹಾಳೆಯನ್ನು ಎಸೆಯುವಂತಿಲ್ಲ, ಸುಡುವಂತಿಲ್ಲ. ಹರಿದುಹೋದ ಮೇಲೆ ಅದನ್ನು ಒಂದು ಕೋಣೆಯಲ್ಲಿ ತುಂಬಿಟ್ಟು, ಆಮೇಲೆ ಹೂಳುವುದು ವಾಡಿಕೆ. ಆ ಕೋಣೆಯೇ ಗೆನಿಜಾ. ಹಳೇ ಕೈರೋದ ಫುಸ್ತಾತ್ ಎಂಬಲ್ಲಿ ಬೆನ್ ಎಜ್ರಾ ಅನ್ನುವ ಸಿನಗಾಗ್ ಇದೆ. ಅಲ್ಲಿಯವರು ಕೋಣೆಗೆ ತುಂಬುತ್ತಲೇ ಹೋದರು. ಪುಣ್ಯಕ್ಕೆ ಹೂಳುವ ಕೆಲಸ ಮಾತ್ರ ಆಗಲಿಲ್ಲ. ಈಜಿಪ್ಟಿನ ಒಣಹವೆ ಉಳಿದದ್ದನ್ನು ನೋಡಿಕೊಂಡಿತು.

ಇದರಲ್ಲೊಂದು ವಿಶೇಷ ಇದೆ. ಧರ್ಮಗ್ರಂಥಗಳ ಹಾಳೆಗಳಷ್ಟೇ ಅಲ್ಲಿಗೆ ಹೋಗಿದ್ದರೆ ಪಂಡಿತರಿಗೆ ಬಿಟ್ಟು ಬೇರೆಯವರಿಗೆ ಅದು ದಕ್ಕುತ್ತಿರಲಿಲ್ಲವೇನೋ. ಆ ಊರಿನ ಯಹೂದಿಗಳು ಆಡುತ್ತಿದ್ದದ್ದು ಅರಬ್ಬಿ, ಬರೆಯುತ್ತಿದ್ದದ್ದು ಹೆಚ್ಚಾಗಿ ಹೀಬ್ರೂ ಅಕ್ಷರದಲ್ಲಿ. ಪತ್ರ ಬರೆದರೆ ಮೇಲೆ ದೇವರ ಸ್ಮರಣೆ ಇರುತ್ತಿತ್ತು, ನಮ್ಮ ಅಜ್ಜಂದಿರು ಕಾಗದದ ನೆತ್ತಿಯಲ್ಲಿ 'ಶ್ರೀ' ಬರೆಯುತ್ತಿದ್ದ ಹಾಗೆ. ಹಾಗಾಗಿ ಪವಿತ್ರವಾದದ್ದು ಯಾವುದು, ಅಲ್ಲದ್ದು ಯಾವುದು ಅಂತ ಆರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಮದುವೆ ಕರಾರು, ವಿಚ್ಛೇದನ ಪತ್ರ, ಸಾಲದ ಚೀಟಿ, ಮಕ್ಕಳು ಅಕ್ಷರ ತಿದ್ದಿದ ಹಾಳೆ, ಸರಕಿನ ಲೆಕ್ಕ, ಅಣ್ಣತಮ್ಮಂದಿರ ಜಗಳ ಎಲ್ಲಾ ಅದೇ ಕೋಣೆಗೆ ಬಿತ್ತು. ಒಟ್ಟು ಸುಮಾರು 4,00,000 ತುಣುಕುಗಳು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದೊಂದು ಲಾಗ್ ಫೈಲ್. ಬರೆಯಲು ಅನುಮತಿ ಇದೆ, ಡಿಲೀಟ್ ಕಮಾಂಡೇ ಇಲ್ಲ. ಇವತ್ತು ನಮ್ಮ ಕಂಪನಿಗಳು ಇಂತಿಷ್ಟು ದಿನಕ್ಕೆ ಇಮೇಲ್ ಅಳಿಸಬೇಕು ಅಂತ ನಿಯಮ ಮಾಡಿ, ಉಳಿಸಬೇಕಾದ್ದನ್ನು ಸಮಿತಿ ಕೂತು ನಿರ್ಧರಿಸುತ್ತದೆ. ಫುಸ್ತಾತ್‌ನಲ್ಲಿ ಸಮಿತಿ ಇರಲಿಲ್ಲ. ಸಾಮಾನ್ಯ ಜನರ ಬದುಕು ಅಷ್ಟೊಂದು ಉಳಿದದ್ದು ಅದಕ್ಕೇ.

ಆರಿಸುವ ಕೆಲಸ ಶುರುವಾದದ್ದು ಕೋಣೆಯ ಬಾಗಿಲು ತೆರೆದ ಮೇಲೆ.

1890ರ ಸುಮಾರಿಗೆ ಸಿನಗಾಗ್ ರಿಪೇರಿ ನಡೆದಾಗ ಅಲ್ಲಿನ ಹಾಳೆಗಳು ಹಳೇ ವಸ್ತುಗಳ ವ್ಯಾಪಾರಿಗಳ ಕೈ ಸೇರತೊಡಗಿದವು. 1896ರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು ತಾವು ಕೊಂಡುತಂದಿದ್ದ ಒಂದು ಹಾಳೆಯನ್ನು ಕೇಂಬ್ರಿಜ್‌ನ ಸಾಲೊಮನ್ ಶೆಕ್ಟರ್ ಅವರಿಗೆ ತೋರಿಸಿದರು. ಶೆಕ್ಟರ್ ಅದರ ಬೆಲೆ ಗುರುತಿಸಿ ಅದೇ ವರ್ಷದ ಕೊನೆಗೆ ಕೈರೋಗೆ ಹೊರಟರು. ಖರ್ಚು ಕೊಟ್ಟವರು ಸೇಂಟ್ ಜಾನ್ಸ್ ಕಾಲೇಜಿನ ಮುಖ್ಯಸ್ಥ ಚಾರ್ಲ್ಸ್ ಟೇಲರ್. ಕೈರೋದ ಮುಖ್ಯ ರಬ್ಬಿಯವರ ಒಪ್ಪಿಗೆಯ ಮೇಲೆ ತಮಗೆ ಬೇಕಾದ್ದನ್ನು ಪೆಟ್ಟಿಗೆಗಟ್ಟಲೆ ತುಂಬಿಸಿಕೊಂಡು ಬಂದರು. 1898ರಲ್ಲಿ ಅದೆಲ್ಲ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸೇರಿತು. ಅಲ್ಲೊಂದರಲ್ಲೇ ಈಗ 1,93,000 ತುಣುಕುಗಳಿವೆ. ಮಿಕ್ಕದ್ದು ಆಕ್ಸ್‌ಫರ್ಡ್, ಮ್ಯಾಂಚೆಸ್ಟರ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಸೇಂಟ್ ಪೀಟರ್ಸ್‌ಬರ್ಗ್, ಬುಡಾಪೆಸ್ಟ್, ಜೆರುಸಲೇಂ ಅಂತ ಹತ್ತಾರು ಕಡೆ ಹಂಚಿಹೋಗಿದೆ. ಒಂದೇ ಪತ್ರದ ಮೇಲಿನ ಅರ್ಧ ಒಂದು ದೇಶದಲ್ಲಿ, ಕೆಳಗಿನ ಅರ್ಧ ಇನ್ನೊಂದು ದೇಶದಲ್ಲಿ ಇರುವುದೂ ಉಂಟು.

ಶೆಕ್ಟರ್ ಮಾಡಿದ್ದು ಉಪಕಾರವೋ ಕೊಳ್ಳೆಯೋ ಅನ್ನುವ ಚರ್ಚೆ ಇದ್ದೇ ಇದೆ. ಬ್ರಿಟಿಷರ ಹಿಡಿತದಲ್ಲಿದ್ದ ಊರಿನಿಂದ ಬ್ರಿಟನ್ನಿನ ವಿಶ್ವವಿದ್ಯಾಲಯಕ್ಕೆ ಹೋದ ಸಂಪತ್ತು ಅಂದಾಗ ನಮಗೆ ಕಿವಿ ನೆಟ್ಟಗಾಗುವುದು ಸಹಜ. ಇನ್ನೊಂದು ಕಡೆ, ಬಿಟ್ಟಿದ್ದರೆ ವ್ಯಾಪಾರಿಗಳು ಬಿಡಿಬಿಡಿಯಾಗಿ ಮಾರಿ ಮುಗಿಸುತ್ತಿದ್ದರು ಅನ್ನುವುದೂ ಸುಳ್ಳಲ್ಲ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಆಮೇಲಿನ ಕತೆ. 1948ರ ಹೊತ್ತಿಗೆ ಈಜಿಪ್ಟಿನಲ್ಲಿ ಸುಮಾರು 75,000ದಿಂದ 80,000 ಯಹೂದಿಗಳಿದ್ದರು. ಅರಬ್-ಇಸ್ರೇಲ್ ಯುದ್ಧಗಳು, 1956ರ ಸೂಯೆಜ್ ಬಿಕ್ಕಟ್ಟು, ಆಗ ನಡೆದ ಗಡೀಪಾರು, ಆಸ್ತಿ ಮುಟ್ಟುಗೋಲು ಎಲ್ಲ ಸೇರಿ ಆ ಸಮುದಾಯ ಚದುರಿಹೋಯಿತು. ಇವತ್ತು ಅಲ್ಲಿ ಉಳಿದವರು ಬೆರಳೆಣಿಕೆಯ ಮಂದಿ. ಬೆನ್ ಎಜ್ರಾ ಸಿನಗಾಗನ್ನು ಸರ್ಕಾರ ಅಚ್ಚುಕಟ್ಟಾಗಿ ಜೀರ್ಣೋದ್ಧಾರ ಮಾಡಿ 2023ರಲ್ಲಿ ಮತ್ತೆ ತೆರೆದಿದೆ, ಪ್ರವಾಸಿಗಳು ನೋಡಿ ಬರುತ್ತಾರೆ. ಸಮುದಾಯ ಇದ್ದಾಗ ಕಾಗದ ಬೇರೆ ಕಡೆ ಹೋಯಿತು, ಈಗ ಕಾಗದ ಎಲ್ಲರಿಗೂ ತೆರೆದಿದೆ, ಸಮುದಾಯವೇ ಇಲ್ಲ. 'ಸ್ಥಳೀಯ ಚರಿತ್ರೆಯ ರಕ್ಷಣೆ' ಅನ್ನುವ ಮಾತನ್ನು ಇಲ್ಲಿ ಸ್ವಲ್ಪ ತಗ್ಗಿದ ದನಿಯಲ್ಲೇ ಆಡಬೇಕು.

ಶೆಕ್ಟರ್ ತಂದದ್ದರಲ್ಲೂ ಒಂದು ವಿಂಗಡಣೆ ಆಯಿತು. ಧಾರ್ಮಿಕ ಮತ್ತು ಸಾಹಿತ್ಯಕ ಮಹತ್ವದ ಹಾಳೆಗಳನ್ನು ಎತ್ತಿ ಮೇಲಿಟ್ಟರು. ಉಳಿದದ್ದು ಬೆಲೆಯಿಲ್ಲದ್ದು ಅಂತ ಪೆಟ್ಟಿಗೆಗಳಲ್ಲೇ ಕೂತಿತು. 1950ರ ದಶಕದಲ್ಲಿ ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸರು ಕೇಂಬ್ರಿಜ್‌ನಲ್ಲಿ ಕೆಲಸ ಮಾಡುವಾಗ ಆ ಪೆಟ್ಟಿಗೆಗಳು ಮತ್ತೆ ಬೆಳಕು ಕಂಡವು. ಅವುಗಳಲ್ಲಿದ್ದದ್ದನ್ನು 'ನ್ಯೂ ಸೀರೀಸ್' ಅನ್ನುವ ಹೆಸರಿನಲ್ಲಿ ವಿಂಗಡಿಸಿದರು. ಅರವತ್ತು ವರ್ಷ ಕಸ ಅನ್ನಿಸಿಕೊಂಡದ್ದಕ್ಕೆ 'ಹೊಸ ಸರಣಿ' ಅಂತ ನಾಮಕರಣ!

ಗೊಯ್ಟೈನ್ ಅವರ ಬಗ್ಗೆ ನಮ್ಮ ವೃತ್ತಿಯವರು ತಿಳಿದುಕೊಳ್ಳಲೇಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆ ಮನುಷ್ಯ ಸುಮಾರು 27,000 ಇಂಡೆಕ್ಸ್ ಕಾರ್ಡುಗಳಲ್ಲಿ ಗೆನಿಜಾದ ಜನರನ್ನು, ಸರಕುಗಳನ್ನು, ಬೆಲೆಗಳನ್ನು, ಊರುಗಳನ್ನು ಬರೆದಿಟ್ಟರು. ಅದರ ಮೇಲೆ 'ಎ ಮೆಡಿಟರೇನಿಯನ್ ಸೊಸೈಟಿ' ಎಂಬ ಐದು ಸಂಪುಟ ಕಟ್ಟಿದರು. ಹಿಂದೂ ಮಹಾಸಾಗರದ ವ್ಯಾಪಾರದ ಪತ್ರಗಳನ್ನು ಬೇರೆಯೇ ಒಂದು ಪುಸ್ತಕ ಮಾಡಬೇಕು ಅಂತ 1950ರ ದಶಕದಿಂದಲೇ ಕೂಡಿಡುತ್ತಿದ್ದರು. 1985ರಲ್ಲಿ ತೀರಿಕೊಂಡರು. ಆ ಪುಸ್ತಕವನ್ನು ಮೊರ್ದೆಖಾಯ್ ಫ್ರೀಡ್‌ಮನ್ ಮುಂದುವರಿಸಿ ಇಂಗ್ಲಿಷಿನಲ್ಲಿ ಹೊರತಂದದ್ದು 2008ರಲ್ಲಿ. ಅರ್ಧ ಶತಮಾನಕ್ಕೂ ಮೀರಿದ ಕೆಲಸ. ಸ್ಕ್ಯಾನಿಂಗ್‌ಗೆ ಬೇಕಾದದ್ದು ಹಣ ಮತ್ತು ಕ್ಯಾಮೆರಾ. ಓದಿ, ಬಿಡಿಸಿ, ಇದು ಯಾರು ಯಾರಿಗೆ ಯಾಕೆ ಬರೆದದ್ದು ಅಂತ ಹೇಳಲು ಬೇಕಾದದ್ದು ಒಂದು ಜೀವಮಾನ. ಡಿಜಿಟಲ್ ಸಂಗ್ರಹಗಳ ಉದ್ಘಾಟನೆಯ ದಿನ ಮೊದಲನೆಯದರ ಫೋಟೋ ಬರುತ್ತದೆ, ಎರಡನೆಯದರ ಸುದ್ದಿ ಯಾರೂ ಎತ್ತುವುದಿಲ್ಲ.

ಇನ್ನು ಮಂಗಳೂರಿಗೆ ಬರೋಣ.

ಅಬ್ರಹಾಂ ಬೆನ್ ಯಿಜು. ಟ್ಯುನೀಶಿಯಾದ ಮಹ್ದಿಯಾ ಊರಿನ ಯಹೂದಿ ವ್ಯಾಪಾರಿ. 12ನೇ ಶತಮಾನದಲ್ಲಿ ಏಡನ್ ಮೂಲಕ ನಮ್ಮ ಕರಾವಳಿಗೆ ಬಂದು ಸುಮಾರು ಹದಿನೇಳು ವರ್ಷ ಇಲ್ಲೇ ಇದ್ದ. ಮಂಗಳೂರಿಗೆ ಆ ಪತ್ರಗಳಲ್ಲಿ 'ಮಂಜರೂರ್' ಅಂತ ಹೆಸರು. ಆತ ಕಳಿಸುತ್ತಿದ್ದದ್ದು ಕಾಳುಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ. ಹೌದು, ಅಡಿಕೆ! ಅಡಿಕೆ ತೋಟದ ನಡುವೆ ಬೆಳೆದ ನನಗೆ ಒಂಬೈನೂರು ವರ್ಷದ ಹಿಂದಿನ ಅರಬ್ಬಿ ಲೆಕ್ಕದ ಚೀಟಿಯಲ್ಲಿ ನಮ್ಮ ಅಡಿಕೆ ಕಂಡಾಗ ಆದ ಸಂತೋಷ ಬೇರೆ ಯಾವ ಡೇಟಾಬೇಸೂ ಕೊಟ್ಟಿಲ್ಲ. ಏಡನ್‌ನಿಂದ ತಾಮ್ರ ಮತ್ತು ಒಡೆದ ಪಾತ್ರೆಗಳು ಬರುತ್ತಿದ್ದವು, ಇಲ್ಲಿ ಆತನ ಕಂಚುಗಾರರು ಅದನ್ನು ಕರಗಿಸಿ ಹೊಸ ಪಾತ್ರೆ ಎರೆದು ಕೊಡುತ್ತಿದ್ದರು. ಇನ್ನೊಂದು ವಸ್ತುವೂ ಬರುತ್ತಿತ್ತು: ಕಾಗದ. ನಮ್ಮದು ತಾಳೆಗರಿಯ ನಾಡು, ಬೆನ್ ಯಿಜುಗೆ ಬೇಕಾದ ಕಾಗದ ಇಲ್ಲಿ ಸಿಗುತ್ತಿರಲಿಲ್ಲ. ಸ್ನೇಹಿತರು ಕಳಿಸಿದರೂ ಸಾಲದೆ, ಬಂದ ಪತ್ರಗಳ ಬೆನ್ನಿಗೇ ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದ. ಕೊನೆಗೆ ಈಜಿಪ್ಟಿಗೆ ಹೋದಾಗ ಆ ಕಾಗದಗಳನ್ನು ಜೊತೆಗೇ ಒಯ್ದ. ಅವು ಗೆನಿಜಾ ಸೇರಿದವು. ಅವನು ತಾಳೆಗರಿಗೆ ಒಗ್ಗಿಕೊಂಡು, ಎಲ್ಲವನ್ನೂ ಇಲ್ಲೇ ಬಿಟ್ಟು ಹೋಗಿದ್ದರೆ ನಮ್ಮ ಗೆದ್ದಲು ಮತ್ತು ಮಳೆಗಾಲ ಸೇರಿ ಲೆಕ್ಕ ಚುಕ್ತಾ ಮಾಡಿಬಿಡುತ್ತಿದ್ದವು.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಒಂದು ದಾಖಲೆಯಾಯಿತು. ಬೆನ್ ಯಿಜು ತನ್ನಲ್ಲಿದ್ದ ಅಶು ಎಂಬ ಹೆಣ್ಣುಮಗಳನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಅದು. ಅವಳು ಅವನ ಮಕ್ಕಳ ತಾಯಿ ಅಂತ ವಿದ್ವಾಂಸರು ಹೇಳುತ್ತಾರೆ. ಆಮೇಲೆ ಏಡನ್‌ನ ವ್ಯಾಪಾರಿಗಳ ಪತ್ರಗಳಲ್ಲಿ ಇನ್ನೊಬ್ಬ ಕಾಣಿಸುತ್ತಾನೆ. ಬೆನ್ ಯಿಜುವಿನ ಆಳು, ಅಥವಾ ಏಜೆಂಟ್, ಅಥವಾ ಗುಲಾಮ. ಯಾವ ಪದ ಹಾಕಿದರೂ ಪೂರ್ತಿ ಸರಿಹೋಗುವುದಿಲ್ಲ. ಸರಕು ತೆಗೆದುಕೊಂಡು ಏಡನ್‌ಗೆ ಹೋಗುತ್ತಾನೆ, ಅಲ್ಲಿ ಕುಡಿದು, ಸಂಬಳ ಸಾಲದು ಇನ್ನಷ್ಟು ಕೊಡಿ ಅಂತ ಮದ್ಮೂನ್ ಎಂಬ ದೊಡ್ಡ ವ್ಯಾಪಾರಿಯ ಹತ್ತಿರ ಹಟ ಹಿಡಿಯುತ್ತಾನೆ. ಮದ್ಮೂನ್ ಅದನ್ನು ಬೆನ್ ಯಿಜುಗೆ ಬರೆದು ದೂರುತ್ತಾನೆ. 1148ರಲ್ಲಿ ಖಲಫ್ ಬಿನ್ ಇಸ್ಹಾಕ್ ಎಂಬ ಇನ್ನೊಬ್ಬ ವ್ಯಾಪಾರಿ ಬೆನ್ ಯಿಜುಗೆ ಬರೆದ ಪತ್ರದಲ್ಲಿ ಅದೇ ಆಳಿಗೆ ಶುಭಾಶಯ ಹೇಳುತ್ತಾನೆ. ಜೆರುಸಲೇಂನಲ್ಲಿರುವ ಆ ಪತ್ರದ ಸಂಖ್ಯೆ ಎಂಎಸ್ ಎಚ್.6.

ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಅಮಿತಾವ್ ಘೋಷ್ ಈ ಆಳಿನ ಬೆನ್ನು ಹತ್ತಿ ಬರೆದ ಪುಸ್ತಕ 1992ರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್'. ಅದಕ್ಕೂ ಮೊದಲು ಅವನಿಗಿದ್ದ ಗುರುತು 'ಎಂಎಸ್ ಎಚ್.6ರ ಗುಲಾಮ' ಅಷ್ಟೇ. ಹೆಸರಿಗಿಂತ ಮುಂಚೆ ಕಪಾಟಿನ ನಂಬರ್! ಹಾಗಂತ ಹೆಸರು ಪತ್ರದಲ್ಲಿ ಇರಲಿಲ್ಲ ಅಂತಲ್ಲ. ಇತ್ತು, ಆದರೆ ಬರೀ ಬ, ಮ, ಆಮೇಲೊಂದು ದೀರ್ಘಾಕ್ಷರ. ಹೀಬ್ರೂ, ಅರಬ್ಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವ ರೂಢಿ ಇಲ್ಲ, ಓದುವವನೇ ತುಂಬಿಕೊಳ್ಳಬೇಕು. ಕೇಂಬ್ರಿಜ್, ಜೆರುಸಲೇಂಗಳಲ್ಲಿ ಕೂತವರು ಏನು ತುಂಬಿಯಾರು? 'ಬಾಮ' ಅಂತ ಓದಿಕೊಂಡರು. ಘೋಷ್ ಮಂಗಳೂರಿಗೆ ಬಂದು ಪ್ರೊ. ಬಿ. ಎ. ವಿವೇಕ ರೈ ಅವರನ್ನು ಕೇಳಿದಾಗ ಅದು 'ಬೊಮ್ಮ' ಆಯಿತು. ಬೆರ್ಮೆರ್ ಅಂತ ತುಳುವರು ನಂಬುವ ದೈವದ ಹೆಸರಿನ ನೆರಳು ಅದರ ಮೇಲೆ ಬಿತ್ತು. ಬೊಮ್ಮ, ಬೊಮ್ಮಯ್ಯ, ಬೊಮ್ಮಣ್ಣ ಅಂತ ಹೆಸರುಗಳನ್ನು ಕೇಳುತ್ತಲೇ ಬೆಳೆದ ನಮಗೆ ಇದೇನು ದೊಡ್ಡ ಒಗಟು ಅನ್ನಿಸುತ್ತದೆ. ಆದರೆ ನಮ್ಮ ಕಿವಿ ಆ ಕಾಗದದ ಹತ್ತಿರ ಹೋಗಲು ಎಂಟುನೂರು ವರ್ಷ ಹಿಡಿಯಿತಲ್ಲ!

ನನ್ನ ಇಡೀ ವಾದ ಇಷ್ಟರಲ್ಲೇ ಇದೆ. ಯಾವ ಸಂಗ್ರಹ ಸಾರ್ವಜನಿಕ ಅಂದರೆ, ಅದರಲ್ಲಿರುವವರನ್ನು ಬಲ್ಲ ಜನ ಅದರೊಳಗೆ ಬರಲು ಸಾಧ್ಯವಾಗುವ ಸಂಗ್ರಹ. ಬರೀ ಬಾಗಿಲು ತೆರೆದಿಟ್ಟರೆ ಸಾಲದು. ಮನೆಗೆ ದಾರಿಯೂ ಇರಬೇಕು, ದಾರಿಯಲ್ಲಿ ನಮಗೆ ಓದಲು ಬರುವ ಫಲಕವೂ ಇರಬೇಕು.

ಈ ಅಳತೆಗೋಲು ಹಿಡಿದು ಇವತ್ತಿನ ಡಿಜಿಟಲ್ ಗೆನಿಜಾವನ್ನು ನೋಡೋಣ. ಮೆಚ್ಚಬೇಕಾದ್ದು ಬೇಕಾದಷ್ಟಿದೆ. ಕೇಂಬ್ರಿಜ್ ಡಿಜಿಟಲ್ ಲೈಬ್ರರಿಯಲ್ಲಿ ಲಾಗಿನ್ ಇಲ್ಲದೆ, ದುಡ್ಡು ಕೊಡದೆ, ಹಾಳೆಯ ನಾರು ಕಾಣುವಷ್ಟು ಝೂಮ್ ಮಾಡಿ ನೋಡಬಹುದು. 1999ರಲ್ಲಿ ಟೊರಾಂಟೊದ ಆಲ್ಬರ್ಟ್ ಫ್ರೀಡ್‌ಬರ್ಗ್ ಶುರುಮಾಡಿದ ಯೋಜನೆ ಬೇರೆ ಬೇರೆ ದೇಶಗಳ ಗ್ರಂಥಾಲಯಗಳಲ್ಲಿ ಚದುರಿದ ತುಣುಕುಗಳ ಚಿತ್ರಗಳನ್ನು ಒಂದೆಡೆ ತಂದಿತು. ಕೈಬರಹ, ಸಾಲುಗಳ ನಡುವಿನ ಅಂತರ ಇವನ್ನೆಲ್ಲ ಹೋಲಿಸಿ ಯಾವ ತುಣುಕು ಯಾವುದರ ಜೊತೆ ಸೇರಬೇಕು ಅಂತ ಹೇಳುವ ಪ್ರೋಗ್ರಾಂಗಳೂ ಬಂದವು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 1986ರಿಂದಲೇ, ಅಂದರೆ ವೆಬ್ ಹುಟ್ಟುವ ಮೊದಲೇ, ದಿನಬಳಕೆಯ ದಾಖಲೆಗಳ ಪಠ್ಯಗಳನ್ನು ಕಂಪ್ಯೂಟರಿಗೆ ಏರಿಸಲು ಕೂತವರು. ಅವರ ತಾಣದಲ್ಲಿ ಈಗ 30,000ಕ್ಕೂ ಹೆಚ್ಚು ದಾಖಲೆಗಳ ವಿವರ ಇದೆ, ಗೊಯ್ಟೈನ್ ಅವರ ಕೈಬರಹದ ಕಾರ್ಡುಗಳ ಚಿತ್ರಗಳೂ ಇವೆ. ತಾಣದ ಸೋರ್ಸ್ ಕೋಡ್ ಕೂಡ ಗಿಟ್‌ಹಬ್‌ನಲ್ಲಿ ಬಿಟ್ಟಿಯಾಗಿದೆ. ಪೈಥಾನ್, ಜಾಂಗೋ. ನಮ್ಮವರಿಗೆ ಇದಕ್ಕಿಂತ ಇನ್ನೇನು ಬೇಕು? 2017ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯ ಝೂನಿವರ್ಸ್ ಜೊತೆ ಸೇರಿ ಹೀಬ್ರೂ ಗೊತ್ತಿಲ್ಲದ ಸಾಮಾನ್ಯರೂ ತುಣುಕುಗಳ ವಿಂಗಡಣೆಯಲ್ಲಿ ಕೈಜೋಡಿಸುವಂತೆ ಮಾಡಿತು. ಲಿಪಿಯ ಆಕಾರ ನೋಡಿ ಇದು ಅರಬ್ಬಿಯೋ ಹೀಬ್ರೂವೋ ಅಂತ ಹೇಳಿದರೂ ಅದು ಕೆಲಸವೇ.

ಕೊರತೆ ಎಲ್ಲಿ ಅಂದರೆ ವಿವರಣೆಯ ಪದರದಲ್ಲಿ. ಪತ್ರದ ಕ್ಯಾಟಲಾಗ್‌ನ ಮೂಲ ವಿನ್ಯಾಸ ಎಲ್ಲೆಡೆ ಒಂದೇ: ಕಪಾಟಿನ ಸಂಖ್ಯೆ, ಬರೆದವರು, ಪಡೆದವರು, ಭಾಷೆ, ಊರು. ಬೊಮ್ಮ ಬರೆದವನೂ ಅಲ್ಲ, ಪಡೆದವನೂ ಅಲ್ಲ. ಅಶುವೂ ಅಷ್ಟೇ. ಈ ವಿನ್ಯಾಸದಲ್ಲಿ ಅವರಿಗೆ ತಮ್ಮದೇ ಆದ ಖಾನೆ ಇಲ್ಲ, ಯಾರದೋ ಪತ್ರದ ಸಾರಾಂಶದಲ್ಲಿ ಒಂದು ಸಾಲಾಗಿ ಬರಬೇಕು. ಆ ಸಾಲು ಬರೆಯುವ ಸಂಶೋಧಕನಿಗೆ ಆಸಕ್ತಿ ಇದ್ದರೆ ಬಂತು, ಇಲ್ಲದಿದ್ದರೆ ಇಲ್ಲ. ಕೋಣೆಗೆ ಕಾಗದ ತುಂಬುವಾಗ ಇಲ್ಲದಿದ್ದ ಆಯ್ಕೆ ಇಲ್ಲಿ ಸದ್ದಿಲ್ಲದೆ ವಾಪಸ್ ಬರುತ್ತದೆ. ಶೆಕ್ಟರ್ ಕಾಲದಲ್ಲಿ ಅದು ಪೆಟ್ಟಿಗೆಯ ರೂಪದಲ್ಲಿತ್ತು, ಕಣ್ಣಿಗೆ ಕಾಣುತ್ತಿತ್ತು. ಈಗ ಸ್ಕೀಮಾದೊಳಗೆ ಕೂತಿದೆ. ಡೇಟಾಬೇಸ್ ವಿನ್ಯಾಸ ಮಾಡುವಾಗ ಯಾವುದನ್ನು ಕಾಲಂ ಮಾಡಬೇಕು, ಯಾವುದನ್ನು 'ರಿಮಾರ್ಕ್ಸ್'ಗೆ ತುರುಕಬೇಕು ಅಂತ ನಾವು ಹತ್ತು ನಿಮಿಷದ ಮೀಟಿಂಗಿನಲ್ಲಿ ತೀರ್ಮಾನ ಮಾಡುತ್ತೇವೆ. ರಿಮಾರ್ಕ್ಸ್‌ಗೆ ಹೋದದ್ದನ್ನು ಆಮೇಲೆ ಯಾರೂ ಹುಡುಕಿ ತೆಗೆದ ಉದಾಹರಣೆ ಕಡಿಮೆ.

ಈ ವಿನ್ಯಾಸಕ್ಕೆ ನಿಜವಾದ ಪರಿಹಾರ ಅಂದರೆ ವ್ಯಕ್ತಿಯನ್ನೇ ಒಂದು ದಾಖಲೆಯಾಗಿ ನೋಡುವುದು. ಬೊಮ್ಮನಿಗೊಂದು ಪುಟ, ಅದರಡಿ ಅವನು ಕಾಣಿಸುವ ಎಲ್ಲ ಹಾಳೆಗಳು. ಅಂಥ ಪುಟ ಮಾಡಿದರೆ ಅವನ ಜಾಡು ಎಷ್ಟು ಊರು ಸುತ್ತುತ್ತದೆ ನೋಡಿ: ಬೆನ್ ಯಿಜುವಿನ ಪತ್ರವ್ಯವಹಾರದ ದೊಡ್ಡ ಭಾಗ ಕೇಂಬ್ರಿಜ್‌ನಲ್ಲಿ, ಖಲಫ್‌ನ ಆ ಪತ್ರ ಜೆರುಸಲೇಂನಲ್ಲಿ, ಅಶುವಿನ ಬಿಡುಗಡೆ ಪತ್ರ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಈಜಿಪ್ಟಿನಲ್ಲಿದ್ದಾಗಿನ ಬೊಮ್ಮನ ಕೊನೆಯ ಸುಳಿವು ಘೋಷ್‌ಗೆ ಸಿಕ್ಕಿದ್ದು ಫಿಲಡೆಲ್ಫಿಯಾದ ಒಂದು ಲೆಕ್ಕದ ಹಾಳೆಯಲ್ಲಿ. ಬದುಕಿದ್ದಾಗ ಅವನು ಸುತ್ತಿದ್ದಕ್ಕಿಂತ ಹೆಚ್ಚು ಅವನ ಹೆಸರು ಸುತ್ತಿದೆ.

ಎರಡನೇ ಕೊರತೆ ಭಾಷೆಯದು. ಈ ಸಂಗ್ರಹಗಳ ವಿವರಣೆಗಳೆಲ್ಲ ಹೆಚ್ಚೂಕಮ್ಮಿ ಇಂಗ್ಲಿಷ್ ಮತ್ತು ಹೀಬ್ರೂ ಬಲ್ಲ ವಿದ್ವಾಂಸರಿಗಾಗಿ ಬರೆದವು. ಬೆಂಗಳೂರಿನ ನಿಮಗೆ ನನಗೆ ಇಂಗ್ಲಿಷ್ ತೊಡಕಲ್ಲ, ಬಿಡಿ. ಆದರೆ ಒಗಟು ಬಿಡಿಸಬಲ್ಲವರು ನಾವಲ್ಲವಲ್ಲ. ಮದ್ಮೂನ್‌ನ ಪತ್ರವೊಂದರಲ್ಲಿ ಮಂಗಳೂರಿನ ಕಡೆಯ ವ್ಯಾಪಾರಿಗಳ ಹೆಸರುಗಳು ಬರುತ್ತವೆ: ಸೂಸ್ ಸೀತಿ, ಕಿನಾಬ್ತಿ. 'ಸೀತಿ' ಅಂದರೆ ಶೆಟ್ಟಿಯೇ ಇರಬೇಕು ಅನ್ನುತ್ತಾರೆ. ಹಾಗಾದರೆ 'ಸೂಸ್' ಯಾರು? ಕಿನಾಬ್ತಿ ಊರೋ, ಮನೆತನವೋ? ಇನ್ನೊಬ್ಬ ಇದ್ದಾನೆ, ಏಲಕ್ಕಿ ಕೊಡುತ್ತೇನೆ ಅಂತ ಮುಂಗಡ ತಗೊಂಡು ಸರಕು ಕೊಡದೆ ವರ್ಷಗಟ್ಟಲೆ ಸತಾಯಿಸಿದವನು. ಏಡನ್‌ನವರು ಪತ್ರದ ಮೇಲೆ ಪತ್ರ ಹಾಕಿ ಅವನ ಹಿಂದೆ ಬಿದ್ದಿದ್ದರು. ಹೆಸರು ಬರೆದ ರೀತಿಯನ್ನು ಮೂಲ್ಕಿಯಲ್ಲೋ ಬಾರಕೂರಿನಲ್ಲೋ ಇರುವ, ಹಳೇ ಮನೆತನ, ಬಳಿ, ಭೂತದ ಪಾಡ್ದನ ಬಲ್ಲ ಒಬ್ಬ ಹಿರಿಯರ ಮುಂದೆ ಓದಿ ಹೇಳಿದರೆ, ಎಷ್ಟು ಗಂಟು ಬಿಚ್ಚೀತು! ಅವರ ಹತ್ತಿರ ಇಂಗ್ಲಿಷ್ ಇಲ್ಲದಿರಬಹುದು, ಇಂಟರ್‌ನೆಟ್ ಇದೆ. ಅವರು ಓದುವ ಕನ್ನಡದಲ್ಲಿ ಈ ಪತ್ರಗಳು ಸುಲಭವಾಗಿ ಕೈಗೆ ಸಿಗುವಂತೆ ಮಾಡುವುದು ಕೇಂಬ್ರಿಜ್‌ನ ಕೆಲಸವೋ ನಮ್ಮ ಕೆಲಸವೋ ಅಂತ ಕೇಳಿದರೆ, ನಾನು ನಮ್ಮದು ಅಂತಲೇ ಹೇಳುತ್ತೇನೆ.

ಮೂರನೇ ಮಾತು ಘೋಷ್ ಅವರ ಪುಸ್ತಕದ ಬಗ್ಗೆ, ಯಾಕೆಂದರೆ ಬೊಮ್ಮನನ್ನು ಬಲ್ಲವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಅವನನ್ನು ನೋಡಿದ್ದು ಆ ಕಿಟಕಿಯಿಂದಲೇ. ಅದು ಪ್ರೀತಿಯಿಂದ ಬರೆದ ಪುಸ್ತಕ. ಧರ್ಮ, ದೇಶಗಳ ಗೋಡೆ ಎದ್ದಿರದ ಒಂದು ಸಮುದ್ರದ ಕನಸು ಅದರೊಳಗಿದೆ. ಆ ಕಾಲದ ದಾಸ್ಯ ಅಮೆರಿಕದ ತೋಟಗಳ ಗುಲಾಮಗಿರಿಯಂಥದ್ದಲ್ಲ, ನಂಬಿಕೆಯ ನಂಟೂ ಅದರಲ್ಲಿತ್ತು ಅನ್ನುವುದು ಅವರ ವಾದ. ಇದ್ದರೂ ಇರಬಹುದು. ಆದರೆ ಆ ನಂಟಿನ ಬಗ್ಗೆ ನಮಗಿರುವ ಪ್ರತಿಯೊಂದು ಸಾಕ್ಷಿಯೂ ಯಜಮಾನನ ಅಥವಾ ಅವನ ಸ್ನೇಹಿತರ ಕೈಯಿಂದ ಬಂದದ್ದು. ಬೊಮ್ಮ ಕುಡಿದು ಜಗಳ ತೆಗೆದ ಅಂತ ಮದ್ಮೂನ್ ಹೇಳುತ್ತಾನೆ. ಬೊಮ್ಮನನ್ನು ಕೇಳಿದ್ದರೆ ಸಂಬಳ ಬಾಕಿ ಇತ್ತು ಅನ್ನುತ್ತಿದ್ದನೋ ಏನೋ. ಬಿಡುಗಡೆಯ ದಿನ ಅಶು ಏನಂದಳು ಅನ್ನುವುದಕ್ಕೆ ಹಾಳೆಯೇ ಇಲ್ಲ. ಒಳ್ಳೆಯ ಸಂಗ್ರಹ ಈ ಖಾಲಿಯನ್ನೂ ತೋರಿಸಬೇಕು. ಸರ್ಚ್ ಬಾಕ್ಸ್ ಅದನ್ನು ತೋರಿಸುವುದಿಲ್ಲ, ಸಿಕ್ಕಿದ್ದನ್ನು ಮಾತ್ರ ಸಾಲಾಗಿ ಜೋಡಿಸಿ ಕೊಟ್ಟು, ಇದಿಷ್ಟೇ ಇದ್ದದ್ದು ಅನ್ನುವ ಭಾವ ಹುಟ್ಟಿಸುತ್ತದೆ.

ಹಾಗಂತ ನಿರಾಶೆಗೆ ಕಾರಣ ಇಲ್ಲ. ಎಲಿಜಬೆತ್ ಲ್ಯಾಂಬೋರ್ನ್ ಎಂಬ ಇತಿಹಾಸಕಾರ್ತಿ 2018ರಲ್ಲಿ 'ಅಬ್ರಹಾಂಸ್ ಲಗೇಜ್' ಅಂತ ಒಂದು ಪುಸ್ತಕ ಬರೆದರು. ಬೆನ್ ಯಿಜು ಹಡಗಿನ ಪ್ರಯಾಣಕ್ಕೆ ಕಟ್ಟಿಸಿದ ಸಾಮಾನುಗಳ ಒಂದು ಪಟ್ಟಿ ಸಿಕ್ಕಿದೆ. ತಿನ್ನುವ ಪದಾರ್ಥ, ಪಾತ್ರೆಪಗಡ, ಮನೆಸಾಮಾನು. ಆ ಒಂದು ಪಟ್ಟಿಯಿಂದ ಅವರು ಅಂದಿನ ಸಮುದ್ರಯಾನ, ಊಟ, ಮಡಿಮೈಲಿಗೆ, ಮನೆವಾರ್ತೆ ಎಲ್ಲವನ್ನೂ ಬಿಡಿಸುತ್ತಾ ಹೋಗಿ ಇಡೀ ಪುಸ್ತಕ ಕಟ್ಟಿದ್ದಾರೆ. ಆ ಪಟ್ಟಿಯ ಕೇಂಬ್ರಿಜ್ ಸಂಖ್ಯೆ ಟಿ-ಎಸ್ ಎನ್‌ಎಸ್ 324.114. 'ಎನ್‌ಎಸ್' ಅಂದರೆ ನ್ಯೂ ಸೀರೀಸ್, ಬೆಲೆಯಿಲ್ಲ ಅಂತ ಪೆಟ್ಟಿಗೆಯಲ್ಲಿ ಬಿಟ್ಟಿದ್ದರಲ್ಲ, ಆ ರಾಶಿ. ದೇವರ ಹೆಸರಿನ ಭಯಕ್ಕೆ ಉಳಿದದ್ದು, ಪಂಡಿತರ ಲೆಕ್ಕದಲ್ಲಿ ಕಸ ಅನ್ನಿಸಿಕೊಂಡದ್ದು, ನೂರಿಪ್ಪತ್ತು ವರ್ಷ ಕಳೆದ ಮೇಲೆ ಸರಿಯಾದ ಪ್ರಶ್ನೆ ಕೇಳುವವರೊಬ್ಬರು ಬಂದಾಗ ಬಾಯಿಬಿಟ್ಟಿತು.

ಕೈಬರಹವನ್ನು ತಾನೇ ಓದುವ ಯಂತ್ರಗಳನ್ನು ಈಗ ತಯಾರು ಮಾಡುತ್ತಿದ್ದಾರೆ. ಇನ್ನು ಕೆಲವು ವರ್ಷಗಳಲ್ಲಿ ಗೆನಿಜಾದ ಅಕ್ಷರಗಳೆಲ್ಲ ಟೆಕ್ಸ್ಟ್ ಆಗಿ ಸಿಗಬಹುದು. ಆಗಲೂ ಯಂತ್ರ ಕೊಡುವುದು ಬ, ಮ ಮತ್ತೊಂದು ಅಕ್ಷರವನ್ನೇ. ಅದಕ್ಕೆ ಒತ್ತು ಕೊಟ್ಟು ಬೊಮ್ಮ ಅನ್ನಲು ಇಲ್ಲಿನವರೇ ಬೇಕು. ವಾರಾಂತ್ಯಕ್ಕೆ ಸೈಡ್ ಪ್ರಾಜೆಕ್ಟ್ ಹುಡುಕುತ್ತಾ ಇನ್ನೊಂದು ಟು-ಡೂ ಆ್ಯಪ್ ಬರೆಯಲು ಹೊರಟವರಿಗೆ ನನ್ನದೊಂದು ಸಲಹೆ: ಗಿಟ್‌ಹಬ್‌ನಲ್ಲಿ ಆ ಕೋಡ್ ಇದೆ, ಮುದ್ರಿತ ಪುಸ್ತಕಗಳಲ್ಲಿ ಬೆನ್ ಯಿಜುವಿನ ಮಂಗಳೂರಿನ ಪತ್ರಗಳ ವಿವರ ಇದೆ. ಆ ಪತ್ರಗಳಲ್ಲಿ ಬರುವ ಇಲ್ಲಿನ ಜನ, ಇಲ್ಲಿನ ಊರು, ಇಲ್ಲಿನ ಸರಕಿನ ಹೆಸರುಗಳ ಒಂದು ಪಟ್ಟಿಯನ್ನು ಕನ್ನಡದಲ್ಲಿ ಮಾಡಿ, ಪಕ್ಕದಲ್ಲಿ 'ಇದು ಯಾರಿರಬಹುದು?' ಅಂತ ಒಂದು ಖಾಲಿ ಖಾನೆ ಬಿಡಿ. ಸೂಸ್ ಸೀತಿಯಿಂದ ಶುರು ಮಾಡಬಹುದು.